ಟ್ರೇಲರ್ ಮೀಮಾಂಸೆ: ಹೊಸದಾಗಿ ದೊರೆತ ಒಂದು ಶಾಸನದ ಪಾಠಸಹಿತ

‘ಟ್ರೇಲರ್’ ಶಬ್ದಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಮೂರು ಅರ್ಥಗಳುಂಟು. ಸಿನಿಮಾಕ್ಕಿಂತ ಮುಂಚೆ ಬಂದು ಇಡೀ ಕತೆಯನ್ನು ಹೇಳಿಬಿಡುವಂಥದ್ದು ಒಂದು. ಟ್ರ್ಯಾಕ್ಟರಿನ ಬೆನ್ನಿಗೆ ಬಿದ್ದು ರಾಗಿಹುಲ್ಲು, ಕೊಟ್ಟಿಗೆ ಗೊಬ್ಬರ, ಮದುವೆ ದಿಬ್ಬಣಗಳನ್ನು ಭೇದವೆಣಿಸದೆ ಹೊರುವಂಥದ್ದು ಇನ್ನೊಂದು. ಮೂರನೆಯ ಅರ್ಥ ಈಚಿನದು. ರಾತ್ರಿಯೊಂದಕ್ಕೆ 8,500 ರೂಪಾಯಿ, ಜಿಎಸ್‌ಟಿ ಬೇರೆ. ಈ ಅರ್ಥಭೇದದ ಪರಿವೆಯಿಲ್ಲದೆ ನಾನು ದೊಡ್ಡಬಳ್ಳಾಪುರದ ಸೋದರಮಾವನಿಗೆ ಫೋನು ಮಾಡಿ, “ಶನಿವಾರ ನಿಮ್ಮೂರ ಕಡೆ ಬರ್ತಿದೀವಿ ಮಾವ, ರಾತ್ರಿ ಟ್ರೇಲರಲ್ಲೇ ಇರ್ತೀವಿ” ಎಂದೆ. ಮಾವ ಗಾಬರಿಯಾದರು. “ಯಾರ್ದಪ್ಪಾ ಮದ್ವೆ? ನಮ್ಗೆ ಲಗ್ನಪತ್ರಿಕೇನೇ ಕೊಟ್ಟಿಲ್ವಲ್ಲ!”

ಸಂಶೋಧನೆಗೆ ಒಳಪಟ್ಟ ರೆಸಾರ್ಟು ನಂದಿಬೆಟ್ಟ ಕಾಣುವಷ್ಟು ದೂರದಲ್ಲಿದೆ. ವಿದ್ವತ್ತಿನ ನಿಷ್ಪಕ್ಷಪಾತಕ್ಕಾಗಿ ಅದರ ಹೆಸರು ಹೇಳುವುದಿಲ್ಲ. ತಿಳಿಹಸಿರು ಬಣ್ಣದ, ಮೂಲೆಗಳು ಗುಂಡಗಿರುವ ಟ್ರೇಲರು. ಒಳಗೆ ವಾಲ್ವ್ ರೇಡಿಯೊ, ಅದರ ಹೊಟ್ಟೆಯಲ್ಲಿ ಬ್ಲೂಟೂತ್ ಸ್ಪೀಕರು. ತಿರುಗಿಸುವ ಫೋನು, ತಂತಿಯಿಲ್ಲ. ಲಾಟೀನು, ಎಣ್ಣೆಯಿಲ್ಲ. ಬಟ್ಟೆಯಿಡುವ ಟ್ರಂಕಿನ ಮೇಲೆ ಕಾಫಿ. ಇವನ್ನೆಲ್ಲ ಪರಿಶೀಲಿಸಿ ನಾನು ರಚಿಸಿದ ಲಕ್ಷಣ ಹೀಗಿದೆ: ಕೆಟ್ಟು ನಿಂತದ್ದು ಹಳತು; ಕೆಟ್ಟು ನಿಂತು ಬಾಡಿಗೆಗೆ ಬಂದದ್ದು ರೆಟ್ರೋ. ಇದಕ್ಕೆ ಅತಿವ್ಯಾಪ್ತಿ ದೋಷ ಬರುತ್ತದೆಂದು ನನ್ನ ಹೆಂಡತಿಯ ಆಕ್ಷೇಪ. ಹಾಗಾದರೆ ನಮ್ಮನೆ ಅಟ್ಟದಲ್ಲಿರುವ ಪಂಪ್ ಸ್ಟೌವೂ ರೆಟ್ರೋ ಆಗಬೇಕಲ್ಲ, ಅದನ್ನು ಗುಜರಿಗೆ ಹಾಕಿ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನಲ್ಲ, ಎಂದಳು. ಆಕ್ಷೇಪದ ಉತ್ತರಾರ್ಧ ಪ್ರಕೃತ ವಿಷಯಕ್ಕೆ ಸಂಬಂಧಿಸಿದ್ದಲ್ಲ.

ಇನ್ನು ಚರಿತ್ರೆ. ಅಮೆರಿಕದ ವಾಲಿ ಬಯಾಮ್ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಅಲ್ಯೂಮಿನಿಯಂ ಟ್ರೇಲರನ್ನು ಮಾರುಕಟ್ಟೆಗೆ ತಂದ. ವಿಮಾನದ ಮೈಯಂತೆ ತಗಡಿಗೆ ರಿವೆಟ್ ಹೊಡೆದದ್ದು, ಹೆಸರೂ ವಿಮಾನದ್ದೇ. ತಗಡಿಗೆ ರಿವೆಟ್ ಹೊಡೆಯುವುದರಲ್ಲಿ ಬೆಂಗಳೂರೇನು ಕಡಿಮೆಯೆ? 1940ರಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ, ರೈಲ್ವೆ ಬೋಗಿ ಕಟ್ಟತೊಡಗಿತು. ವಿಮಾನದ ಕೈಗಳು ಚಕ್ರದ ಮನೆ ಕಟ್ಟಿದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಆದ್ದರಿಂದ ಏರ್‌ಸ್ಟ್ರೀಮ್ ನ್ಯಾಯವಾಗಿ ಆ ಕಾರ್ಖಾನೆಯಿರುವ ವಿಮಾನಪುರದಲ್ಲಿ ಹುಟ್ಟಬೇಕಿತ್ತು. ನಾಲ್ಕು ವರ್ಷ ಮೊದಲೇ ಅಮೆರಿಕದಲ್ಲಿ ಹುಟ್ಟಿದ್ದನ್ನು ಕಾಲಗಣನೆಯ ಒಂದು ಸಣ್ಣ ತೊಡಕೆಂದು ಪರಿಗಣಿಸಬೇಕು. ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕುಗಳನ್ನು ದಾಟಿ ಪಿಎಚ್‌ಡಿ ಪಡೆದವರಿದ್ದಾರೆ.

ನಮ್ಮ ಟ್ರೇಲರಿನ ಚಕ್ರಗಳನ್ನು ಮಾತ್ರ ಅರ್ಧಕ್ಕೆ ಸಿಮೆಂಟಿನಲ್ಲಿ ಹೂತಿದ್ದರು. ಸ್ಥಾವರ-ಜಂಗಮದ ಚರ್ಚೆ ಹನ್ನೆರಡನೆಯ ಶತಮಾನದಲ್ಲೇ ತೀರ್ಮಾನವಾಯಿತೆಂದು ನಂಬಿರುವವರು ಇದನ್ನೊಮ್ಮೆ ನೋಡಬೇಕು.

ಶಾಸನ ದೊರೆತದ್ದು ರಾತ್ರಿ ಒಂಬತ್ತಕ್ಕೆ, ಹಾಸಿಗೆಯ ಮೇಲುಗಡೆ, ಕಿಟಕಿಯ ಪಕ್ಕದ ತಗಡಿನಲ್ಲಿ. ತಿಳಿಹಸಿರು ಬಣ್ಣ ಅಂಗೈಯಗಲ ಹಪ್ಪಳದಂತೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಕೆನೆಬಣ್ಣ, ಅದರ ಮೇಲೆ ಕೆಂಪು ಅಕ್ಷರ. ಮೊದಲ ಸಾಲು: ಕೈ ತ… ಹೊರ… ಹಾಕಬಾ… ಎರಡನೆಯದು ಪೂರ್ತಿ ಇತ್ತು: ಮಹಿಳೆಯರಿಗೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ (9ನೆಯದು, 1905) ಈ ಶಾಸನ ಇಲ್ಲ. ಲಿಪಿ ಹೊಸಗನ್ನಡ, ಬರೆದವನು ಬೋರ್ಡು ಪೇಂಟರು, ವಿಷಯ ನಿಷೇಧಾಜ್ಞೆ ಮತ್ತು ದತ್ತಿ. ವಿಂಟೇಜ್ ಅಮೆರಿಕನ್ ಟ್ರೇಲರೆಂದು ನಾವು ದುಡ್ಡು ತೆತ್ತು ಮಲಗಿದ್ದದ್ದು ಒಂದು ಹಳೇ ಬಸ್ಸಿನ ಪಕ್ಕೆಯ ಕೆಳಗೆ. ಇಪ್ಪತ್ತು ವರ್ಷದ ಹಿಂದೆ ಇಂಥದೇ ಬಸ್ಸಿನಲ್ಲಿ ಯಲಹಂಕದಿಂದ ಒಂಟಿ ಕಾಲಲ್ಲಿ ನಿಂತು ಮಾವನ ಮನೆಗೆ ಹೋಗುತ್ತಿದ್ದೆ. ಕಾರು ಕೊಂಡ ದಿನ ಇನ್ನು ಈ ಪೀಡೆ ತೊಲಗಿತೆಂದು ಕೈಮುಗಿದಿದ್ದೆ.

ಶಾಸನದ ಮಹತ್ವವನ್ನು ವಿವರಿಸತೊಡಗಿದಾಗ ಹೆಂಡತಿ ಎರಡನೆಯ ಸಾಲನ್ನು ಬೆರಳಿಟ್ಟು ತೋರಿಸಿ, “ಹಾಗಾದ್ರೆ ಎದ್ದೇಳಿ, ಇದು ನಮ್ ಸೀಟು” ಎಂದಳು. ದತ್ತಿಯನ್ನು ಅಳಿದವನಿಗೆ ಒದಗುವ ಪಾಪದ ವಿವರ ಶಾಸನಗಳ ಕೊನೆಯಲ್ಲಿ ಇರುತ್ತದಷ್ಟೆ. ಎದ್ದೆ.

ಹೊರಗೆ ಶಿಬಿರಾಗ್ನಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸಬೇಕು ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ಎದುರಿಗೇ ನಂದಿಬೆಟ್ಟ, ಬೇಕಾದಷ್ಟು ಹೊಗೆ, ಬೆಂಕಿ ಮಾತ್ರ ಇಲ್ಲ: ಒಟ್ಟಿದ್ದು ಹಸಿ ನೀಲಗಿರಿ ಸೌದೆ. 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ಟಿಪ್ಪು ನೆಡಿಸಿದ್ದೇ ನಮ್ಮ ದೇಶದ ಮೊದಲ ನೀಲಗಿರಿ ಗಿಡಗಳೆಂದು ಅರಣ್ಯಶಾಸ್ತ್ರದವರು ಹೇಳುತ್ತಾರೆ. ಇನ್ನೂರ ಮೂವತ್ತು ವರ್ಷದ ಮೇಲೆ ನನ್ನ ಕಣ್ಣು ಉರಿಯಿತು. ಅನುಮಾನಪ್ರಮಾಣ ಹೀಗೆ ಬಿದ್ದುಹೋದರೂ ಶಬ್ದಪ್ರಮಾಣ ಗಟ್ಟಿಯಾಗಿತ್ತು. 2008ರಿಂದೀಚೆಗೆ ದೇವನಹಳ್ಳಿಯ ವಿಮಾನಗಳು ಅದನ್ನು ರಾತ್ರಿಯಿಡೀ ಒದಗಿಸುತ್ತಿವೆ.

ನಿದ್ದೆ ಬಾರದೆ ಘಾಟಿಯ ನೆನಪಾಯಿತು. ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖಮಾಡಿದ್ದಾರೆ. ಹಿಂದಿನ ನರಸಿಂಹ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಹಿಂದಿರುವುದನ್ನು ಮುಂದೆ ನಿಂತೇ ನೋಡುವ ಈ ಏರ್ಪಾಟಿಗೆ ಪ್ರತಿ ರಾತ್ರಿ ಬಾಡಿಗೆಯಿಲ್ಲ. ಚಳಿಗಾಲದಲ್ಲಿ ಅಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿಗಳಿಗೆ ಪೆಂಡಾಲು, ರತ್ನಗಂಬಳಿ, ಕೆಲವಕ್ಕೆ ವಾಲಗ. ಸಾಕಿದವನಿಗೆ ಗಾಡಿಯಡಿಯಲ್ಲಿ ಹುಲ್ಲು, ಒಂದು ಕಂಬಳಿ. ಚಿಕ್ಕವನಿದ್ದಾಗ ಮಾವನ ಜೊತೆ ಎರಡು ರಾತ್ರಿ ಹಾಗೆ ಮಲಗಿದ್ದೆ. ಮೂಗಿಗೆ ಗಂಜಲದ ವಾಸನೆ, ಗಾಡಿಯ ಮೂಕಿಗೆ ನೇತುಹಾಕಿದ ಬುತ್ತಿಯಲ್ಲಿ ಮುದ್ದೆ, ಹುಚ್ಚೆಳ್ಳು ಚಟ್ನಿ. ಪಕ್ಕದ ಹೋರಿ ರಾತ್ರಿಯೆಲ್ಲ ಮೆಲುಕು ಹಾಕುತ್ತಿತ್ತು.

ಬೆಳಿಗ್ಗೆ ಕ್ಯಾಬು ಸಿಗಲಿಲ್ಲ. ಫೋನು ಮಾಡಿದೆ. ಮಾವ ಗೊಬ್ಬರ ಇಳಿಸಿ ಬಂದ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ರೆಸಾರ್ಟಿನ ಗೇಟಿಗೇ ತಂದು ನಿಲ್ಲಿಸಿದರು. ಹಲಗೆಯ ಮೇಲೆ ಅರ್ಧ ಅಳಿಸಿದ ಗುಲಾಬಿ, ಹಂಸ, ‘ತಾಯಿಯ ಆಶೀರ್ವಾದ’. ತಿಂಡಿಗೆ ಹೊರಟಿದ್ದ ಇಬ್ಬರು ಹುಡುಗಿಯರು, ಒಬ್ಬ ಹುಡುಗ ನಿಂತು ಸುತ್ತ ತಿರುಗಿ ಫೋಟೊ ತೆಗೆದರು. ಹುಡುಗ ಹಂಸದ ಮೇಲೆ ಕೈಯಾಡಿಸಿ, “ಅಂಕಲ್, ಇದು ಪರ್ ನೈಟ್ ಎಷ್ಟು?” ಎಂದ.

ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ಬಾಗಿದರು.

“ಊಟ ಸೇರ್ಸಿ ಹೇಳ್ಲಾ, ಬಿಟ್ಟು ಹೇಳ್ಲಾ?”