ಕುದುರೆಗೆ ಹನ್ನೆರಡು, ಎಮ್ಮೆಗೆ ಹತ್ತು

ಸಂಗೀತದ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದ್ದೇನೆ. ವಿನಯಕ್ಕೆ ಹೇಳುತ್ತಿಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹಾಡಿನ ಸ್ಪರ್ಧೆಗೆ ಯಾರು ತೀರ್ಪುಗಾರರಾಗಬೇಕು ಎಂಬ ಮಾತು ಬಂದಾಗ ಶಿವಮೊಗ್ಗದ ಚಿಕ್ಕಮ್ಮ ಕೊಟ್ಟ ಕಾರಣವೇ ಇದು. “ಅವನಿಗೆ ಹಾಡಕ್ಕೆ ಬರಲ್ಲ, ಹಾಗಾಗಿ ಹಾಡೋರ ಮೇಲೆ ಹೊಟ್ಟೆಕಿಚ್ಚಿಲ್ಲ. ಕೂಡಕ್ಕೆ ಬರುತ್ತೆ. ಇನ್ನೇನು ಬೇಕು?” ಎಂದು ವಾಯ್ಸ್ ಮೆಸೇಜು ಕಳಿಸಿದರು. ಅದಕ್ಕೆ ಸಾಲಾಗಿ ಹೆಬ್ಬೆರಳುಗಳು ಎದ್ದವು. ಮೊದಲನೆಯ ಹೆಬ್ಬೆರಳು ನನ್ನ ಹೆಂಡತಿಯದು.

ಸ್ಪರ್ಧೆ ಎಂದೊಡನೆ ಯಾರೋ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಯಾರೂ ಹಾಡುವಂತಿಲ್ಲ. ಮೊದಲು ಹಾಡುತ್ತಿದ್ದರು. ಮೈಸೂರಿನ ಭಾವ ಒಂದು ರಾತ್ರಿ ಪಲ್ಲವಿ, ಅನುಪಲ್ಲವಿ, ಅಷ್ಟೂ ಚರಣಗಳನ್ನು ಹಾಡಿ ಕಳಿಸಿದ ಮೇಲೆ ಇಬ್ಬರು ನೆಂಟರು ಗುಂಪು ಬಿಟ್ಟೇ ಹೋದರು. ಅಂದಿನಿಂದ ಹಾಡು ಆರಿಸುವುದಷ್ಟೇ ಸ್ಪರ್ಧೆ. ಹದಿನೈದು ದಿನಕ್ಕೊಂದು ವಿಷಯ: ಮಳೆ, ಬೆಳಗು, ಊಟ, ಪ್ರಯಾಣ, ಹೀಗೆ. ಅದಕ್ಕೆ ಒಪ್ಪುವ ಒಂದು ಕನ್ನಡ ಹಾಡನ್ನು ಯೂಟ್ಯೂಬಿನಲ್ಲಿ ಹುಡುಕಿ ಲಿಂಕ್ ಕಳಿಸಬೇಕು, ಯಾಕೆ ಆರಿಸಿದ್ದು ಎಂದು ನಾಲ್ಕು ಸಾಲು ಬರೆಯಬೇಕು. ಒಬ್ಬರು ಕಳಿಸಿದ ಹಾಡನ್ನು ಇನ್ನೊಬ್ಬರು ಕಳಿಸುವಂತಿಲ್ಲ. ಈ ಕೊನೆಯ ನಿಯಮ ‘ಮಳೆ’ಯ ಸರದಿಯಲ್ಲಿ ಹುಟ್ಟಿತು. 2006ರ ‘ಮುಂಗಾರು ಮಳೆ’ಗಿಂತ ಮುಂಚೆ ಕನ್ನಡ ಚಿತ್ರರಂಗದಲ್ಲಿ ಹನಿಯೂ ಬಿದ್ದಿರಲಿಲ್ಲವೇನೋ ಎಂಬಂತೆ ಎಲ್ಲರೂ ಅದರ ಮೇಲೇ ಮುಗಿಬಿದ್ದಿದ್ದರು. ಭಾವ ಮಾತ್ರ ಒಂದು ಶೋಕಗೀತೆ ಕಳಿಸಿ, “ಕಣ್ಣೀರೂ ನೀರೇ ಅಲ್ಲವೇನಯ್ಯ?” ಎಂದು ಬರೆದಿದ್ದರು.

ಅಂಕ ಕೊಡುವ ಪದ್ಧತಿ ಜರ್ಮನಿಯಿಂದ ಬಂದದ್ದು. ಅಲ್ಲಿ ಕೆಲಸದಲ್ಲಿರುವ ನಮ್ಮಣ್ಣನ ಮಗ ವರ್ಷಕ್ಕೊಮ್ಮೆ ಯೂರೋವಿಷನ್ ಎಂಬ ಹಾಡಿನ ಪಂದ್ಯವನ್ನು ನಿದ್ದೆಗೆಟ್ಟು ನೋಡುತ್ತಾನೆ. ದೇಶಕ್ಕೊಂದು ಹಾಡು, ಒಂದು ದೇಶದ ಹಾಡಿಗೆ ಮಿಕ್ಕ ದೇಶಗಳು ಅಂಕ ಕೊಡುತ್ತವೆ. 1975ರಲ್ಲಿ ಶುರುವಾದ ಲೆಕ್ಕ ಇವತ್ತಿಗೂ ನಡೆಯುತ್ತಿದೆ: ಎಲ್ಲಕ್ಕಿಂತ ಮೆಚ್ಚಿದ್ದಕ್ಕೆ 12, ಮುಂದಿನದಕ್ಕೆ 10, ಆಮೇಲೆ 8, 7, 6 ಎಂದು ಇಳಿಯುತ್ತ ಒಂದರವರೆಗೆ. ಅಲ್ಲಿಗೆ ಹತ್ತು ಹಾಡಾಯಿತು, ಉಳಿದವಕ್ಕೆ ಸೊನ್ನೆ. 11 ಇಲ್ಲ, 9 ಇಲ್ಲ. “ಒಂಬತ್ತು ಏನು ಪಾಪ ಮಾಡಿತ್ತೋ?” ಎಂದು ದೊಡ್ಡತ್ತೆ ಕೇಳಿದರು. ಮೇಲಿನ ಎರಡಕ್ಕೂ ಉಳಿದವಕ್ಕೂ ನಡುವೆ ಸ್ವಲ್ಪ ಅಂತರ ಇರಲಿ ಅಂತ ಅಜ್ಜಿ, ಎಂದು ಹುಡುಗ ವಿವರಿಸಿದ. ಅತ್ತೆ ನವಗ್ರಹ, ನವಧಾನ್ಯ, ನವರಾತ್ರಿಗಳನ್ನು ಒಂದಾದ ಮೇಲೊಂದು ನೆನಪಿಸಿ ಸುಮ್ಮನಾದರು.

ಹುದ್ದೆ ಸಿಕ್ಕ ಮೇಲೆ ನಾನು ಆ ಪಂದ್ಯದ ಚರಿತ್ರೆಯನ್ನೂ ಒಂದಿಷ್ಟು ಓದಿಕೊಂಡೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ ಮೊದಲ ಪಂದ್ಯ. ಏಳೇ ದೇಶ, ಎರಡೆರಡು ಹಾಡು. ಗೆದ್ದವರು ಸ್ವಿಟ್ಜರ್ಲೆಂಡಿನ ಲಿಸ್ ಅಸಿಯಾ ಎಂದು ಸಾರಿದರೇ ಹೊರತು ಯಾರಿಗೆ ಎಷ್ಟು ಅಂಕ ಬಂತೆಂದು ಹೊರಗೆ ಬಿಡಲಿಲ್ಲ. ಎಂಥ ಸಂಸ್ಕಾರವಂತ ಜನ! 1969ರಲ್ಲಿ ನಾಲ್ಕು ದೇಶಗಳು ಸಮಸಮ ಬಂದವು. ಸಮ ಬಂದರೆ ಏನು ಮಾಡಬೇಕೆಂದು ಯಾರೂ ನಿಯಮ ಬರೆದಿಟ್ಟಿರಲಿಲ್ಲವಾಗಿ ನಾಲ್ಕೂ ಗೆದ್ದವು. ಇದು ನಮ್ಮ ಮನೆತನಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ ಎಂದು ನಾನು ಸೂಚಿಸಿದೆ, ಹುಡುಗ ಒಪ್ಪಲಿಲ್ಲ. 1974ರ ಪಂದ್ಯ ಬ್ರಿಟನ್ನಿನ ಬ್ರೈಟನ್‌ನಲ್ಲಿ ನಡೆದು ಸ್ವೀಡನ್ನಿನ ‘ಅಬ್ಬಾ’ ತಂಡ ಗೆದ್ದಿತು. ಲೋಕವೆಲ್ಲ ಕುಣಿದ ಆ ಹಾಡಿಗೆ ಬ್ರಿಟನ್ನಿನ ತೀರ್ಪುಗಾರರು ಕೊಟ್ಟದ್ದು ಸೊನ್ನೆ. ಪುಣ್ಯಾತ್ಮರು ಆಮೇಲೆ ಮದುವೆ ಮುಂಜಿಗಳಲ್ಲಿ ಹೇಗೆ ಮುಖ ತೋರಿಸಿದರೋ!

ನನ್ನ ಯೋಗ್ಯತೆ ಬಯಲಿಗೆ ಬಿದ್ದದ್ದು ‘ಪ್ರಾಣಿ’ ಎಂಬ ವಿಷಯ ಬಂದಾಗ.

ಚಿಕ್ಕಮ್ಮ ಕುದುರೆ ಕಳಿಸಿದರು. ಅವರು ಯಾವ ವಿಷಯ ಕೊಟ್ಟರೂ ಶಿವಮೊಗ್ಗ ಸುಬ್ಬಣ್ಣನವರನ್ನೇ ಕಳಿಸುವವರು. ಬೆಳಗಿಗೂ ಸುಬ್ಬಣ್ಣ, ಪ್ರಯಾಣಕ್ಕೂ ಸುಬ್ಬಣ್ಣ. ಕಾರಣದ ಜಾಗದಲ್ಲಿ ‘ನಮ್ಮೂರವರು’ ಎಂದಷ್ಟೇ ಇರುತ್ತದೆ. ಈ ಸಲ ವಿಷಯವೇ ನಡೆದು ಬಂದು ಅವರ ಮನೆ ಬಾಗಿಲು ತಟ್ಟಿತ್ತು. ‘ಕಾಡು ಕುದುರೆ’ ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ಚಿತ್ರ. ಅದರಲ್ಲಿ ಕಂಬಾರರದೇ ಹಾಡನ್ನು ಹಾಡಿ, ವೃತ್ತಿಯಲ್ಲಿ ವಕೀಲರಾಗಿದ್ದ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ತಂದರು. ಹಿನ್ನೆಲೆ ಗಾಯನಕ್ಕೆ ಕನ್ನಡಿಗರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆ ಕುದುರೆ ಒಮ್ಮೆ ಹೊರಟಿತೆಂದರೆ ಮುಗಿಯಿತು. ಹಾಡುವವರು ಉಸಿರು ಎಲ್ಲಿ ತೆಗೆದುಕೊಂಡರೆಂದು ನಾವು ಹುಡುಕುವಷ್ಟರಲ್ಲಿ ಹಾಡು ಗುಡ್ಡ ದಾಟಿರುತ್ತದೆ.

ಭಾವ ಎಮ್ಮೆ ಕಳಿಸಿದರು. ಎಮ್ಮೆ ಎಂದಮೇಲೆ ಹೆಚ್ಚು ಹೇಳಬೇಕಾಗಿಲ್ಲ: 1974ರ ‘ಸಂಪತ್ತಿಗೆ ಸವಾಲ್’, ಎಮ್ಮೆಯ ಬೆನ್ನ ಮೇಲೆ ರಾಜ್‌ಕುಮಾರ್. ಅಲ್ಲಿಯವರೆಗೆ ರಾಜ್ ತುಟಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಆ ಹಾಡನ್ನು ರಾಜ್ ಅವರಿಂದಲೇ ಹಾಡಿಸಿದರು. ಆಮೇಲೆ ಅವರು ನಿಲ್ಲಿಸಲಿಲ್ಲ. ಭಾವನ ನಾಲ್ಕು ಸಾಲಿನ ವಿವರಣೆ ಎರಡು ಪುಟವಾಗಿತ್ತು. “ಕುದುರೆ ಹಾಡಲ್ಲಿ ಕುದುರೆ ಎಲ್ಲಯ್ಯ ಇದೆ? ಅದೆಲ್ಲ ಕವಿಕಲ್ಪನೆ. ಇಲ್ಲಿ ಕಣ್ಣಿಗೆ ಕಾಣೋ ಎಮ್ಮೆ ಇದೆ, ಕೊಂಬಿದೆ, ಬಾಲ ಇದೆ” ಎಂಬುದು ಸಾರಾಂಶ. ಕೊನೆಗೆ ಒಂದು ಮೃದುವಾದ ಎಚ್ಚರಿಕೆ: “ಅಣ್ಣಾವ್ರಿಗೆ ‘ಜೀವನ ಚೈತ್ರ’ದ ಹಾಡಿಗೆ ಕೇಂದ್ರ ಸರ್ಕಾರವೇ ಪ್ರಶಸ್ತಿ ಕೊಟ್ಟಿದೆ. ನೀನೇನೂ ಕಷ್ಟಪಡಬೇಡ, ಸುಮ್ಮನೆ ಹನ್ನೆರಡು ಅಂತ ಬರಿ.”

ಅಣ್ಣನ ಮಗ ಹಾವು ಬಿಟ್ಟ. 1972ರ ‘ನಾಗರಹಾವು’ ಚಿತ್ರದ ದ್ವೇಷದ ಹಾಡು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠ. “ಹಾಡಿನ ಒಳಗೇ ಹನ್ನೆರಡು ಇದೆ ಚಿಕ್ಕಪ್ಪ, ಹೊರಗೂ ಹನ್ನೆರಡೇ ಇರಲಿ” ಎಂದು ಬರೆದಿದ್ದ. ನನ್ನ ಮೊಮ್ಮಗಳು ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಕಳಿಸಿ, ಕಾರಣದ ಜಾಗದಲ್ಲಿ ‘ನಂಗೆ ನಾಯಿಮರಿ ಬೇಕು’ ಎಂದು ಅವಳಮ್ಮನಿಂದ ಬರೆಸಿದ್ದಳು. ಬಂದ ಕಾರಣಗಳಲ್ಲೆಲ್ಲ ಇದೇ ನನಗೆ ಹಿಡಿಸಿದ್ದು. ಸುತ್ತುಬಳಸಿಲ್ಲ, ಉದ್ದೇಶ ಸ್ಪಷ್ಟ.

ದೊಡ್ಡತ್ತೆ ಕಳಿಸಿದ್ದು ಗೋವಿನ ಹಾಡು. ಇಡೀ ಹಾಡು. ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ, ಅಕ್ಕತಂಗಿಯರಿಗೆ ಒಪ್ಪಿಸಿ, ಕೊಟ್ಟ ಮಾತಿಗೆ ತಪ್ಪದೆ ಗವಿಯ ಬಾಗಿಲಿಗೆ ಬಂದು ನಿಂತಾಗ ನಾನು ಕನ್ನಡಕ ತೆಗೆದು ಒರೆಸಬೇಕಾಯಿತು. ಕನ್ನಡ ಬಲ್ಲ ಯಾವನಾದರೂ ಆ ಜಾಗದಲ್ಲಿ ಪೆನ್ಸಿಲ್ ಹಿಡಿದು ‘ಆರೋ, ಏಳೋ’ ಎಂದು ಯೋಚಿಸಬಲ್ಲನೇ? ತೀರ್ಪುಗಾರನ ಪಾಡು ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವನ ಪಾಡು. ಎಲ್ಲರೂ ಅವನ ಕೈ ನೋಡುತ್ತಾರೆ. ಬುಟ್ಟಿಯಲ್ಲಿ ಎಷ್ಟಿದೆ ಎಂದು ಯಾರೂ ನೋಡುವುದಿಲ್ಲ.

ಹಾಗಾದರೆ ಹೆಸರು ಮುಚ್ಚಿ ಕೇಳಬಹುದಲ್ಲ ಎನ್ನುತ್ತೀರಿ. ಅದನ್ನೂ ಮಾಡಿ ನೋಡಿದೆವು. ಆಕಾಶವಾಣಿಯಲ್ಲಿ ಕಲಾವಿದರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆ, ಆಡಿಷನ್ ಇದೆ. ಅದೇ ಶಿಸ್ತು ನಮಗೂ ಬರಲಿ ಎಂದು ಹುಡುಗ ಎಲ್ಲರ ಹಾಡನ್ನೂ ತಾನೇ ತರಿಸಿಕೊಂಡು, ಹೆಸರು ಅಳಿಸಿ, ಬರೀ ಸಂಖ್ಯೆ ಹಾಕಿ ನನಗೆ ಕಳಿಸತೊಡಗಿದ. ಏನು ಪ್ರಯೋಜನ? ಒಂದನೇ ಸಂಖ್ಯೆ ಸುಬ್ಬಣ್ಣ. ಎರಡು ರಾಜ್‌ಕುಮಾರ್. ಮೂರರಲ್ಲಿ ಹಸು. ಮುಖ ಮುಚ್ಚಿಕೊಂಡು ಬಂದರೂ ನೆಂಟರ ಕೆಮ್ಮು ಗೊತ್ತಾಗುವುದಿಲ್ಲವೇ! ಕ್ರಮೇಣ ನನಗೆ ಅನಿಸಿದ್ದು, ಗೊತ್ತಾಗುವುದೇ ಸರಿ. ಚಿಕ್ಕಮ್ಮ ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಹೊಸದರಲ್ಲಿ ಯಾರ ಮನೆಯ ಜಗಲಿಯಲ್ಲಿ ಕೂತು ಸುಬ್ಬಣ್ಣನವರ ಹಾಡು ಕೇಳಿದರು ಎಂಬುದು ನನಗೆ ಗೊತ್ತು. ಅದು ಗೊತ್ತಿಲ್ಲದವನು ಹಾಡಿಗೆ ಅಂಕ ಕೊಡಬಲ್ಲ, ಆರಿಸಿದ್ದಕ್ಕೆ ಕೊಡಲಾರ. ನಮ್ಮ ಸ್ಪರ್ಧೆ ಇರುವುದು ಆರಿಸುವುದಕ್ಕೆ.

ಅಪರೂಪದ್ದನ್ನೇ ಹುಡುಕುವವರು ಮಾತ್ರ ನನಗೆ ಸೇರುವುದಿಲ್ಲ. ದೂರದ ಸಂಬಂಧಿಯೊಬ್ಬರಿದ್ದಾರೆ. ಅವರ ಹಾಡು ಯಾವತ್ತೂ ಹಳೆಯ 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ್ದು, ಕೇಳಿದರೆ ಎಣ್ಣೆಯಲ್ಲಿ ಸಂಡಿಗೆ ಬಿಟ್ಟ ಸದ್ದು, ಜೊತೆಗೆ ‘ಇದು ನಿಮಗ್ಯಾರಿಗೂ ಗೊತ್ತಿರಲಾರದು’ ಎಂಬ ಟಿಪ್ಪಣಿ. ಆ ತಟ್ಟೆಗಳ ಒಂದು ಗುಣವನ್ನು ಮಾತ್ರ ಒಪ್ಪಲೇಬೇಕು. ಒಂದು ಮಗ್ಗುಲಲ್ಲಿ ಮೂರು ನಿಮಿಷದ ಆಸುಪಾಸು ಹಿಡಿಯುತ್ತಿತ್ತಾದ್ದರಿಂದ ಹಾಡು ಬೇಗ ಮುಗಿಯುತ್ತದೆ.

ಕೇಳುವ ಬಗೆಯನ್ನೂ ಹೇಳಿಬಿಡುತ್ತೇನೆ. ರಾತ್ರಿ ಊಟವಾದ ಮೇಲೆ ಮೊಬೈಲು, ಪಟ್ಟಿ, ಪೆನ್ಸಿಲ್ ಹಿಡಿದು ಕೂರುತ್ತೇನೆ. ಹಾಡಿಗಿಂತ ಮೊದಲು ಸೈಟು ಮಾರುವವನು ಬರುತ್ತಾನೆ, ಅವನನ್ನು ಐದು ಸೆಕೆಂಡು ಸಹಿಸಬೇಕು. ನನ್ನ ಇಯರ್‌ಫೋನಿನ ಬಲಗಡೆಯದು ಆಟೋದ ಕಂಬಿಗೆ ಸಿಕ್ಕಿ ಸತ್ತುಹೋಗಿದೆ, ಎಡಗಡೆಯದೊಂದೇ ಗತಿ. ಹೊಸದು ತರಲು ಹೆಂಡತಿ ಹೇಳುತ್ತಲೇ ಇದ್ದಾಳೆ. ಒಂದು ನಡೆಯುತ್ತಿರುವಾಗ ಇನ್ನೊಂದಕ್ಕೆ ಖರ್ಚು ಹಾಕುವುದು ಬ್ಯಾಂಕಿನವನ ಧರ್ಮವಲ್ಲ. ಇದರಿಂದ ಒಂದು ವಿಚಿತ್ರವಾಯಿತು. ಹಳೆಯ ಚಿತ್ರಗೀತೆಗಳು ಹೆಚ್ಚಾಗಿ ಮೋನೋ ಧ್ವನಿಮುದ್ರಣ, ಎರಡು ಕಿವಿಗೂ ಒಂದೇ ಸದ್ದು, ಹಾಗಾಗಿ ಒಂದು ಕಿವಿಯಲ್ಲೇ ಪೂರ್ತಿ ಸಿಗುತ್ತವೆ. ಹೊಸವು ಸ್ಟೀರಿಯೋ, ಪಿಟೀಲು ಒಂದು ಕಡೆ, ಗಿಟಾರು ಇನ್ನೊಂದು ಕಡೆ. ನನ್ನ ಪಾಲಿಗೆ ಅರ್ಧ ವಾದ್ಯಗಳು ಬರುವುದೇ ಇಲ್ಲ. “ಚಿಕ್ಕಪ್ಪನಿಗೆ ಹೊಸ ಹಾಡು ಕಂಡರಾಗಲ್ಲ” ಎಂದು ಹುಡುಗರು ಗೊಣಗುತ್ತಾರೆ. ಸಾಹಿತ್ಯ ವಿಮರ್ಶೆಯಲ್ಲಿ ಇಂಥದ್ದಕ್ಕೆ ‘ಅಭಿರುಚಿ’ ಎನ್ನುತ್ತಾರೆಂದು ಕಾಣುತ್ತದೆ.

ದೊಡ್ಡವರಿಗೂ ಈ ಕೆಲಸ ಸುಲಭವಾಗಿಲ್ಲ. ಕುವೆಂಪು ಅವರ ನಾಡಗೀತೆಯನ್ನೇ ನೋಡಿ. 2004ರಲ್ಲಿ ಪದ್ಯ ನಾಡಗೀತೆಯಾಯಿತು, ರಾಗಸಂಯೋಜನೆ ಯಾವುದಿರಬೇಕೆಂಬ ವಾದ ಮಾತ್ರ ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವತ್ಥರದೋ? ಸಮಿತಿ ಕೂತಿತು, ವರದಿ ಬಂತು, ಕೊನೆಗೆ 2022ರಲ್ಲಿ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆದೇಶ ಹೊರಡಿಸಿತು. ಅದಾದ ಮೇಲೂ ವಿಷಯ ಹೈಕೋರ್ಟಿನವರೆಗೆ ಹೋಯಿತು. ಇನ್ನು ಕೇಂದ್ರದಲ್ಲಿ ಬಿ.ವಿ. ಕೇಸ್ಕರ್ ಎಂಬ ಮಂತ್ರಿ 1952ರಿಂದ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಂಡರು. ಸಿನಿಮಾ ಹಾಡು ಕೀಳು ಎಂದು ಅವರ ತೀರ್ಪು. ರೇಡಿಯೋದಲ್ಲಿ ಸಿನಿಮಾ ಹಾಡು ಕಡಿಮೆಯಾಗುತ್ತ ಹೋಯಿತು. ಜನ ವಾದ ಮಾಡಲಿಲ್ಲ; ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. 1957ರಲ್ಲಿ ವಿವಿಧ ಭಾರತಿ ಶುರುಮಾಡಬೇಕಾಯಿತು. ಮಂತ್ರಿಗಳ ಅಂಕಪಟ್ಟಿಯ ಗತಿಯೇ ಹೀಗಾದರೆ ನನ್ನದೆಷ್ಟರದು!

ಎರಡು ರಾತ್ರಿ ಹೊರಳಾಡಿ ಫಲಿತಾಂಶ ಪ್ರಕಟಿಸಿದೆ. ಕುದುರೆಗೆ 12, ಎಮ್ಮೆಗೆ 10, ಗೋವಿಗೆ 8, ನಾಯಿಮರಿಗೆ 7, ಹಾವಿಗೆ 6. ಕೆಳಗೆ ನವಿಲು, ಕೋಗಿಲೆ, ಒಂದು ಬೆಕ್ಕು. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ.ಬಿ. ಮೊದಲು ಬಾಯ್ತುಂಬ ಹೊಗಳಿ, ಶ್ರುತಿ ಎಲ್ಲಿ ಜಾರಿತೆಂದು ಆಮೇಲೆ ಮೆತ್ತಗೆ ಹೇಳುತ್ತಿದ್ದುದು ನೆನಪಿತ್ತು. ನಾನೂ ಹಾಗೇ ಪ್ರತಿಯೊಬ್ಬರಿಗೂ ಎರಡೆರಡು ಒಳ್ಳೆಯ ಮಾತು ಬರೆದೆ. ಅದನ್ನು ಯಾರೂ ಓದಲಿಲ್ಲ. ಭಾವ ಮೌನಕ್ಕೆ ಶರಣಾದರು. ದಿನಾ ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಜೊತೆ ಬರುತ್ತಿದ್ದ ಅವರ ಶುಭೋದಯ ನಿಂತುಹೋಯಿತು. ಇದಕ್ಕಾಗಿ ನಾಲ್ಕೈದು ಜನ ಖಾಸಗಿಯಾಗಿ ನನಗೆ ಕೃತಜ್ಞತೆ ತಿಳಿಸಿದರು. ದೊಡ್ಡತ್ತೆ ಫೋನೇ ಮಾಡಿದರು. “ಪುಣ್ಯಕೋಟಿಗೆ ಎಂಟು ಕೊಟ್ಟೆಯಲ್ಲೋ! ಆ ಹುಲಿಯೇ ವಾಸಿ. ಅದು ಕೊನೆಗಾದರೂ ಬೆಟ್ಟದಿಂದ ಹಾರಿಕೊಳ್ತು.”

ಹಾರಿಕೊಳ್ಳಲು ನಮ್ಮ ಬಡಾವಣೆಯಲ್ಲಿ ಬೆಟ್ಟವಿಲ್ಲ. ಹುದ್ದೆ ಬಿಟ್ಟೆ. ಈಗ ದೊಡ್ಡತ್ತೆಯೇ ತೀರ್ಪುಗಾರರು. ಮೊದಲ ಸರದಿಯಲ್ಲೇ ಯೂರೋಪಿನ ಲೆಕ್ಕವನ್ನು ಬದಿಗೆ ಸರಿಸಿ ಮೂವರಿಗೆ ಒಂಬತ್ತೊಂಬತ್ತು ಕೊಟ್ಟರು, ಯಾರೂ ತುಟಿ ಬಿಚ್ಚಲಿಲ್ಲ. ನಾನು ಸ್ಪರ್ಧಿಯಾಗಿ ನಿಂತು, ಇಷ್ಟು ದಿನದ ಅನುಭವವನ್ನೆಲ್ಲ ಸುರಿದು, ಚಿತ್ರದ ವರ್ಷ, ರಾಗ, ಸಂಗೀತ ನಿರ್ದೇಶಕರ ಹಿನ್ನೆಲೆ ಸಮೇತ ಬರೆದು ಒಂದು ಹಾಡು ಕಳಿಸಿದೆ. ನಾಲ್ಕು ಬಂತು. ತಡೆಯದೆ ಫೋನು ಮಾಡಿ ಕೇಳಿಯೇಬಿಟ್ಟೆ.

“ಹಾಡು ಚೆನ್ನಾಗೇ ಇದ್ದಿರಬೇಕು ಕಣೋ” ಎಂದರು ಅತ್ತೆ. “ನೀನು ಬರೆದಿದ್ದು ಓದಿ ಮುಗಿಸೋ ಹೊತ್ತಿಗೆ ನಿದ್ದೆ ಬಂದುಬಿಡ್ತು. ಭಾವನಿಗೂ ನಾಲ್ಕೇ. ಇಬ್ಬರೂ ಕೂತು ಮಾತಾಡ್ಕೊಳಿ.”