ಪ್ಲಾಟಶಾಸ್ತ್ರ ಪ್ರವೇಶಿಕೆ

ತಾಲೂಕುಗಳನ್ನೇ ಪ್ಲಾಟು ಹಾಕಿದ ಸೀಮೆ ನಮ್ಮದು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಹಿಸ್ಸೆಯಾಗಿ ಬಂದ ಮೇಲೆ ಇಲ್ಲಿ ಬಡಾವಣೆಯ ಶಾಸ್ತ್ರ ಹುಟ್ಟದಿದ್ದರೇ ಆಶ್ಚರ್ಯ.

ಪೂರ್ವಮೀಮಾಂಸೆ ಕಚೇರಿಯಲ್ಲಿದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಹೊಲ ಬಿನ್‌ಶೇತ್ಕಿಯಾಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ನಕಾಶೆ ಮಂಜೂರಾಗಬೇಕು. ಉತ್ತರಮೀಮಾಂಸೆ ಇರುವುದು ಹೊಲದಲ್ಲಿ. ಕಬ್ಬು ಕಡಿಸಿ, ಸುಣ್ಣ ಬಡಿದ ಕಲ್ಲು ನೆಟ್ಟು, ಬಾಯಿಗೊಂದು ಕಮಾನು ನಿಲ್ಲಿಸಿದರೆ ಬಡಾವಣೆ ಸಿದ್ಧಿಸಿತು. "ಚಿಕ್ಕೋಡಿ ಜಿಲ್ಲಾ ಆತಂದ್ರ ಈ ರೇಟಿಗೆ ಸಿಗೂದಿಲ್ರಿ ಕಾಕಾ" ಎಂಬುದು ಬೀಜಮಂತ್ರ. ನಿಪ್ಪಾಣಿ ಪಂಥದವರು 'ಹೈವೇ ಟಚ್' ಎಂಬ ಇನ್ನೊಂದು ಮಂತ್ರ ಸೇರಿಸುತ್ತಾರೆ. ಟ್ರಕ್ಕಿನ ಹಾರ್ನು ಕೇಳಿಸಿದರೆ ಸ್ಪರ್ಶವಾದಂತೆಯೇ.

ಇನ್ನು ರಸ್ತೆಯ ಅಗಲ. ನಕಾಶೆಯಲ್ಲಿ 30 ಅಡಿ, ಇದರಲ್ಲಿ ಭಿನ್ನಮತವಿಲ್ಲ. ಎರೆಭೂಮಿ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ವರ್ಷವರ್ಷ ಗರಸು ಸುರಿಯಬೇಕು. ರಸ್ತೆ ಏರಿದಂತೆ ಮನೆಯ ಪಾಯ ಏರುತ್ತದೆ, ಪಾಯ ಏರಿದಂತೆ ಪಾವಟಿಗೆ ಬೀದಿಗಿಳಿಯುತ್ತವೆ. ಎರಡೂ ಮಗ್ಗುಲು ಗಟಾರಕ್ಕೆ 2, ಪಾವಟಿಗೆಗೆ 3, ಕಟ್ಟೆಗೆ 2 ಅಡಿ ಕಳೆಯಿರಿ, 16 ಉಳಿಯಿತು. ಒಂದು ಬದಿಗೆ ಯಾರದೋ ಟ್ರ್ಯಾಲಿ ನಿಂತಿದೆ, 8 ಉಳಿಯಿತು. ಅದರಲ್ಲಿ ಎಮ್ಮೆ ಮಲಗಿದೆ. ಅದು ಎದ್ದಾಗ ಸಿಗುವುದೇ ಶುದ್ಧ ರಸ್ತೆ.

ತಿರುವಿನ ಪ್ರಕರಣ ಇನ್ನೂ ಗಹನ. ಕಬ್ಬಿನ ಹಂಗಾಮಿನಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ. ಇಂಜಿನ್ ದೊಡ್ಡ ಸುತ್ತು ಹಾಕಿ ಹೊರಳಿದರೂ ಹಿಂದಿನ ಟ್ರ್ಯಾಲಿ ಒಳಗೆ ಒಳಗೆ ಸರಿದು ಮೂಲೆಮನೆಯ ಕಂಪೌಂಡು ತಬ್ಬುತ್ತದೆ. ಆದ್ದರಿಂದ ಮೂಲೆಮನೆಯವರು ಗೋಡೆಯ ತುದಿಗೆ ಬಂಡೆಯೊಂದನ್ನು ಅರ್ಧ ಹೂತು ನಿಲ್ಲಿಸುತ್ತಾರೆ. ಬಂಡೆಯ ಮೇಲಿನ ಟೈರಿನ ಕರಿಗೆರೆಗಳನ್ನೂ ಸಿಕ್ಕಿಬಿದ್ದ ಕಬ್ಬಿನ ಸೋಗೆಯನ್ನೂ ಓದಬಲ್ಲವನೇ ಈ ಶಾಸ್ತ್ರದ ಪಂಡಿತ.

ಬಗೀಚೆಯನ್ನು ನಕಾಶೆಯಲ್ಲಿ ಹಸಿರು ಬಣ್ಣದಿಂದ ಗುರುತಿಸಬೇಕು. ಜಾಗದ ಮೇಲೆ ಕಣಿಕೆಯ ಬಣವೆ ಇರುತ್ತದೆ.

ನಕಾಶೆಗೆ ಸೊಪ್ಪು ಹಾಕದ ಪರೀಕ್ಷಕಳೆಂದರೆ ಕೃಷ್ಣೆ. 2005, 2019, 2021ರ ಮಹಾಪೂರದಲ್ಲಿ ಅಥಣಿ, ಕಾಗವಾಡ, ರಾಯಬಾಗದ ದಂಡೆಯವರಿಗೆ ಯಾವುದು ತಗ್ಗು, ಯಾವುದು ದಿಬ್ಬ ಎಂಬುದನ್ನು ಮೋಜಣಿದಾರರಿಗಿಂತ ಖಚಿತವಾಗಿ ತೋರಿಸಿಕೊಟ್ಟಳು. ಆದರೂ ತಗ್ಗಿನ ಗುಂಟೆ ಸ್ವಸ್ತ. ಶಾಸ್ತ್ರ ಇಲ್ಲಿ ಮೌನ ವಹಿಸುತ್ತದೆ.

ಕಡೆಯದು ಸಂಧಿಪ್ರಕರಣ. ಒಬ್ಬ ಮಾಲಕರ ರಸ್ತೆ ಮಗ್ಗುಲ ಕಬ್ಬಿಗೆ ಹೋಗಿ ನಿಲ್ಲುತ್ತದೆ. ಆ ಕಬ್ಬೂ ಪ್ಲಾಟಾದಾಗ ಅದರ ರಸ್ತೆ ಹತ್ತು ಅಡಿ ಆಚೆಗೆ ಶುರುವಾಗುತ್ತದೆ. ನಡುವೆ ಬದು. ಎದುರು ಮನೆಗೆ ಹಾಲು ಕೊಡಲು ಡಾಂಬರು ರಸ್ತೆ ಸುತ್ತಿ ಬರುವುದು ಯಾರಿಗೆ ಸಾಧ್ಯ? ಜನ ಬದು ಒಡೆದು ಬೈಕು ಹೋಗುವಷ್ಟು ಸಂದಿ ಮಾಡಿಕೊಂಡಿದ್ದಾರೆ. ಎರಡೂ ನಕಾಶೆಯಲ್ಲಿಲ್ಲದ ಆ ಸಂದಿಯಲ್ಲಿ ಸಂಚಾರ ವಿಪರೀತವಾಗಿದೆ, ಸ್ಪೀಡ್ ಬ್ರೇಕರ್ ಹಾಕಿಸಬೇಕೆಂದು ಸದ್ಯ ಅರ್ಜಿಗೆ ಸಹಿ ಕೂಡಿಸುತ್ತಿದ್ದಾರೆ.