ಒಹಾಯೋದಲ್ಲಿ ರಾಯರ ಓಡಾಟ

ಕೊಲಂಬಸ್ಸಿನ ಮಗಳ ಮನೆಗೆ ಬಂದಿದ್ದೀರಿ, ಸಂತೋಷ ರಾಯರೇ. ಆದರೆ ‘ರೈಲಲ್ಲಿ ಒಹಾಯೋ ಸುತ್ತುತ್ತೇನೆ’ ಅಂದಿರಲ್ಲ, ನಗು ತಡೆಯಲಾಗಲಿಲ್ಲ. ಕೊಲಂಬಸ್ ಈ ರಾಜ್ಯದ ರಾಜಧಾನಿ, ನಿಜ. ಪ್ರಯಾಣಿಕರ ರೈಲು ಇಲ್ಲಿಗೆ ಬರುವುದು ನಿಂತದ್ದು 1979ರಲ್ಲಿ! ಹಳಿ ಇದೆ, ಗೂಡ್ಸ್ ಓಡುತ್ತದೆ. ಕಲ್ಲಿದ್ದಲಿಗಿರುವ ಮರ್ಯಾದೆ ನಿಮಗಿಲ್ಲ, ಅಷ್ಟೆ.

ಕ್ಲೀವ್‌ಲ್ಯಾಂಡ್, ಕೊಲಂಬಸ್, ಸಿನ್ಸಿನಾಟಿ ಈ ಮೂರು ದೊಡ್ಡೂರುಗಳು ಸುಮಾರು 400 ಕಿಲೋಮೀಟರಿನಲ್ಲಿ, ಸ್ಕೇಲಿಟ್ಟು ಎಳೆದ ಗೆರೆಯಂತೆ ಕೂತಿವೆ. ಇಲ್ಲಿ ರೈಲು ಬಿಡಿ ಅಂತ 2010ರಲ್ಲಿ ಕೇಂದ್ರ ಸರ್ಕಾರ 40 ಕೋಟಿ ಡಾಲರ್ ಕೊಡಲು ಬಂತು. ಆ ವರ್ಷ ಗವರ್ನರ್ ಚುನಾವಣೆ ಗೆದ್ದ ಜಾನ್ ಕೇಸಿಕ್ ‘ಬೇಡವೇ ಬೇಡ’ ಅಂದರು. ಬೇಡ ಅಂದ ದುಡ್ಡಿಗೆ ನೆಂಟರಿಗೇನು ಬರ? ಬೇರೆ ರಾಜ್ಯಗಳು ಹಂಚಿಕೊಂಡವು.

ಹಾಗಂತ ರಾಜ್ಯದಲ್ಲಿ ರೈಲೇ ಇಲ್ಲ ಅನ್ನಬೇಡಿ. ಇದೆ, ಆದರೆ ನಿಮಗೆ ನಿದ್ದೆ ಬರಬಾರದು. ಕ್ಲೀವ್‌ಲ್ಯಾಂಡಿಗೆ ಆಮ್‌ಟ್ರ್ಯಾಕ್ ರೈಲು ಬರುವುದು ನಡುರಾತ್ರಿ ಕಳೆದ ಮೇಲೆ. ಸಿನ್ಸಿನಾಟಿಗೂ ದೆವ್ವ ತಿರುಗುವ ಅದೇ ಹೊತ್ತು, ಅದೂ ವಾರಕ್ಕೆ ಮೂರೇ ದಿನ. ಸಿನ್ಸಿನಾಟಿಯವರು 1920ರಲ್ಲಿ ನೆಲದಡಿ ರೈಲಿಗೆ ಸುರಂಗ ಅಗೆಯಲು ಹೊರಟು, ದುಡ್ಡು ಮುಗಿದು ಕೈಬಿಟ್ಟರು. ಇವತ್ತಿಗೂ ಒಬ್ಬ ಪ್ರಯಾಣಿಕನೂ ಅದರಲ್ಲಿ ಹೋಗಿಲ್ಲ, ನೀರಿನ ಪೈಪು ಮಾತ್ರ ಹಾಯಾಗಿ ಮಲಗಿದೆ. ಆ ಊರಿನ ವಿಮಾನ ನಿಲ್ದಾಣವೋ, ನದಿಯಾಚೆ ಕೆಂಟಕಿ ರಾಜ್ಯದಲ್ಲಿ!

ಕ್ಲೀವ್‌ಲ್ಯಾಂಡನ್ನು ಮೆಚ್ಚಬೇಕು. ವಿಮಾನ ನಿಲ್ದಾಣಕ್ಕೂ ಪೇಟೆಗೂ 1968ರಲ್ಲೇ ರೈಲು ಜೋಡಿಸಿದ ಊರದು. ಆದರೆ ಆ ಪೇಟೆ ತಲುಪಲು ನಿಮಗೆ ಐ-71 ಹೆದ್ದಾರಿಯೇ ಗತಿ: ಬಸ್ಸು ಹಿಡಿಯಿರಿ, ಇಲ್ಲವೇ ಅಳಿಯನನ್ನು ಹಿಡಿಯಿರಿ. ಊರಲ್ಲಿ ಆಟೋಗೆ ಕೈ ಅಡ್ಡ ಹಾಕಿ ಹತ್ತುತ್ತಿದ್ದ ನೀವು, ಇಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಅಳಿಯನ ಶನಿವಾರಕ್ಕೆ ಕಾಯಬೇಕು.

ಕಾಯುವ ಕರ್ಮ ಇಲ್ಲದವರು ಅಂದರೆ ಹೋಮ್ಸ್ ಕೌಂಟಿಯ ಆಮಿಷ್ ಕ್ರೈಸ್ತ ಪಂಗಡದ ಜನ. ಕಾರಿನ ಮಾಲೀಕತ್ವವೇ ಬೇಡ ಅಂದವರು. ಗಾಡಿಗೆ ಕುದುರೆ ಕಟ್ಟಿದರು, ಹೊರಟರು. ಗಾಡಿಯ ಹಿಂದೆ ಮಿನುಗುವ ಹಳದಿ ದೀಪ ಇರಲೇಬೇಕು ಅಂತ 2022ರಲ್ಲಿ ಕಾನೂನು ಬಂತು, ಅಷ್ಟೇ ತಕರಾರು. ಕೇಂದ್ರದ ದುಡ್ಡು ಬೇಡ, ಗವರ್ನರ್ ಒಪ್ಪಿಗೆ ಬೇಡ, ಹುಲ್ಲು ಸಾಕು. ಮುಂದಿನ ಸಲ ಬರುವಾಗ ಚಟ್ನಿಪುಡಿ ಮರೆತರೂ ಚಿಂತೆಯಿಲ್ಲ ರಾಯರೇ, ಟಾಂಗಾ ಹೊಡೆಯುವುದು ಮಾತ್ರ ಕಲಿತು ಬನ್ನಿ.